ಕಿಟಕಿಯಲ್ಲಿ ನಿಂತ ಮಕ್ಕಳು

ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನ ಹಳ್ಳಿಗಳಲ್ಲಿ ಡಿಸೆಂಬರ್ ಸಂಜೆ ಸುಮ್ಮನೆ ಒಂದು ಸುತ್ತು ಹಾಕಿ ಬಂದರೆ, ಯಾರ ಮನೆಯಲ್ಲಿ ಎಷ್ಟು ಮಕ್ಕಳು ಎಂಬುದನ್ನು ಬಾಗಿಲು ತಟ್ಟದೆಯೇ ತಿಳಿಯಬಹುದಿತ್ತಂತೆ. ಕಿಟಕಿಯ ಗಾಜಿನ ಹಿಂದೆ ಸಾಲಾಗಿ ಮರದ ಗೊಂಬೆಗಳು, ಒಂದೊಂದರ ಕೈಯಲ್ಲೂ ದೀಪ. ಗಣಿಯಾಳಿನ ಗೊಂಬೆ ನಿಂತಿದ್ದರೆ ಗಂಡುಮಗು, ರೆಕ್ಕೆಯ ದೇವದೂತೆ ನಿಂತಿದ್ದರೆ ಹೆಣ್ಣುಮಗು. ಮನೆಯಲ್ಲಿ ಮಗು ಹುಟ್ಟಿದ ವರ್ಷ ಕಿಟಕಿಯಲ್ಲಿ ಒಂದು ದೀಪ ಹೆಚ್ಚಾಗುತ್ತದೆ. ಈಗ ಎಲ್ಲರೂ ಈ ಲೆಕ್ಕ ಹಿಡಿಯುತ್ತಾರೆಂದಲ್ಲ, ಬರೀ ಚೆಂದಕ್ಕೆ ಇಡುವವರೂ ಬೇಕಾದಷ್ಟಿದ್ದಾರೆ. ಆದರೂ ಕೂಸಿನ ಮೊದಲ ಕ್ರಿಸ್‌ಮಸ್‌ಗೆ ಏನು ಕೊಡೋಣ ಎಂಬ ಪ್ರಶ್ನೆಗೆ ಆ ಸೀಮೆಯ ಅಜ್ಜಿಯರ ಬಳಿ ಉತ್ತರ ಸಿದ್ಧವಿದೆ.

ನನಗೆ ಇದು ಗೊತ್ತಾದದ್ದು ಅಕ್ಕನಿಂದ. ಅವಳ ಮಗ ಡ್ರೆಸ್ಡೆನ್‌ನಲ್ಲಿ ಚಿಪ್ ಕಾರ್ಖಾನೆಯ ಎಂಜಿನಿಯರು. ಸೊಸೆಯ ಬಾಣಂತನಕ್ಕೆಂದು ಹೋದವಳು ಒಂದು ದಿನ ಫೋನು ಮಾಡಿ, “ಎದುರುಮನೆ ಅಜ್ಜಿ ಕೂಸಿಗೆ ಅಂತ ಒಂದು ಮರದ ಗೊಂಬೆ ತಂದುಕೊಟ್ರು ಕಣೋ. ಆಡಲಿಕ್ಕಲ್ವಂತೆ, ಬಾಯಿಗೆ ಕೊಡಬಾರದಂತೆ, ಕಿಟಕೀಲಿ ಇಡಬೇಕಂತೆ. ಆಡದ ಗೊಂಬೆ ಮಗುವಿಗ್ಯಾಕೋ?” ಎಂದಳು. ನಾನು ಆ ಗೊಂಬೆಯ ಬೆನ್ನು ಹತ್ತಿದ್ದು ಅಲ್ಲಿಂದ.

ಎರ್ಟ್ಸ್‌ಗೆಬಿರ್ಗೆ ಎಂದರೆ ಅದಿರಿನ ಬೆಟ್ಟಗಳು ಎಂದೇ ಅರ್ಥ. ಜರ್ಮನಿಯ ಸ್ಯಾಕ್ಸನಿ ರಾಜ್ಯಕ್ಕೂ ಚೆಕ್ ದೇಶಕ್ಕೂ ನಡುವಿನ ಗಡಿ ಈ ಬೆಟ್ಟಸಾಲು. 1168ರ ಸುಮಾರಿಗೆ ಫ್ರೈಬರ್ಗ್ ಬಳಿ ಬೆಳ್ಳಿ ಸಿಕ್ಕಿತು. ಮುಂದೆ ಶತಮಾನಗಳ ಕಾಲ ಬೆಳ್ಳಿ, ತವರ, ಕೋಬಾಲ್ಟ್ ತೆಗೆದದ್ದೇ ತೆಗೆದದ್ದು. ಬೆಟ್ಟದ ಆಚೆ ಮಗ್ಗುಲಿನ ಯೋಆಖಿಮ್ಸ್‌ತಾಲ್ ಊರಿನ ಬೆಳ್ಳಿ ನಾಣ್ಯಕ್ಕೆ ‘ತಾಲರ್’ ಎಂದು ಹೆಸರಾಯಿತು, ಅಮೆರಿಕದ ಡಾಲರ್ ಎಂಬ ಹೆಸರು ಅದರ ಮೊಮ್ಮಗು. ಗಡಿಯ ಎರಡೂ ಬದಿಯ ಈ ಗಣಿಸೀಮೆಯನ್ನು ಯುನೆಸ್ಕೊ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಗಣಿಯಾಳು ಹೊತ್ತು ಮೂಡುವ ಮೊದಲೇ ಬಾವಿಗಿಳಿದು ಹೊತ್ತು ಮುಳುಗಿದ ಮೇಲೆ ಮೇಲೆ ಬರುತ್ತಿದ್ದ. ವಾರವಿಡೀ ಬಿಸಿಲು ಕಾಣದವನಿಗೆ ದೀಪ ಎಂದರೆ ಅಲಂಕಾರವಲ್ಲ. ಕ್ರಿಸ್‌ಮಸ್‌ನ ಬೆಳಕು ಈ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು ತೂಕ ಪಡೆದದ್ದು ಹೀಗೆ. ಕಿಟಕಿಯ ಗಣಿಯಾಳನ್ನು ಸ್ವಲ್ಪ ಗಮನಿಸಿ ನೋಡಿ: ಹಬ್ಬದ ಮೆರವಣಿಗೆಯ ಉಡುಪು, ತಲೆಗೆ ಎತ್ತರದ ಟೋಪಿ, ಸೊಂಟಕ್ಕೆ ಚರ್ಮದ ಅಡ್ಡವಸ್ತ್ರ. ಆದರೆ ಚರ್ಮ ಇರುವುದು ಮುಂದಲ್ಲ, ಹಿಂದೆ. ಒದ್ದೆ ಬಂಡೆಯ ಮೇಲೆ ಕೂರಬೇಕಾದವನ ಕುಂಡೆ ಕಾಯುವ ಚರ್ಮ ಅದು. ಜರ್ಮನ್ನರು ಅದನ್ನು ಕರೆಯುವುದೂ ಅದೇ ಹೆಸರಿನಿಂದ, ಏನೂ ಮುಚ್ಚುಮರೆಯಿಲ್ಲ.

ಗೊಂಬೆ ಮಾಡುವವರ ಊರು ಜೈಫೆನ್. ಚೆಕ್ ಗಡಿಗೆ ಅಂಟಿಕೊಂಡ ಸಣ್ಣ ಊರು, ಎಂಟು ಮೂಲೆಯ ಅಂದವಾದ ಚರ್ಚು, ಬೀದಿ ತುಂಬ ಮರಗೆಲಸದ ಅಂಗಡಿ. ಹೊಳೆಯ ಮರಳನ್ನು ತೊಳೆದು ತವರದ ಅದಿರು ಬೇರ್ಪಡಿಸುವ ಕೆಲಸಕ್ಕಿದ್ದ ಹೆಸರೇ ಊರಿಗೂ ನಿಂತಿದೆ. ತವರ ಕರಗುತ್ತ ಬಂದಂತೆ ಜನ ಮರಕ್ಕೆ ಕೈ ಹಾಕಿದರು. ಸುತ್ತ ಸ್ಪ್ರೂಸ್ ಕಾಡು, ಗಣಿಗೆಂದು ತಿರುಗಿಸಿಕೊಂಡಿದ್ದ ನೀರು ಕೈಯಳತೆಯಲ್ಲಿ. ಅದೇ ನೀರಿನ ಚಕ್ರಕ್ಕೆ ಲೇತು ಕಟ್ಟಿದರು. 19ನೇ ಶತಮಾನದ ನಡುವಿಗೆ ತವರದ ಗಣಿ ಪೂರ್ತಿ ನಿಂತಾಗ ಊರು ಆಗಲೇ ಗೊಂಬೆಯ ಊರಾಗಿತ್ತು. ಭೂಮಿಯ ಹೊಟ್ಟೆಯಿಂದ ಬೆಳ್ಳಿ, ತವರ ತೆಗೆದವರ ವಂಶ ತನ್ನ ಮಕ್ಕಳಿಗೆ ಉಳಿಸಿಕೊಂಡದ್ದು ಮಾತ್ರ ಮರ. ಬೆಳ್ಳಿಯೆಲ್ಲ ಅರಸನ ಟಂಕಸಾಲೆಗೆ ಹೋಯಿತು.

ಜೈಫೆನ್‌ನವರ ಒಂದು ಕಸುಬಿದೆ, ‘ರೈಫನ್‌ಡ್ರೆಹೆನ್’, ಬಳೆ ಕಡೆಯುವುದು. ಸ್ಪ್ರೂಸ್ ದಿಮ್ಮಿಯನ್ನು ಅಡ್ಡಕೊಯ್ದು ದಪ್ಪ ಬಿಲ್ಲೆ ಮಾಡುತ್ತಾರೆ. ಒಣಗಿದರೆ ಸೀಳುತ್ತದೆಂದು ಹಸಿಯಾಗಿಯೇ ಲೇತಿಗೆ ಏರಿಸುತ್ತಾರೆ. ಕಡೆಯುವವನು ಉದ್ದುದ್ದ ಉಳಿಗಳಿಂದ ತಿರುಗುವ ಬಿಲ್ಲೆಯಲ್ಲಿ ಗುಣಿ, ಏಣು, ಬಳುಕು ತೆಗೆಯುತ್ತ ಹೋಗುತ್ತಾನೆ. ಒಂದು ಮುಖ ಮುಗಿಸಿ, ತಿರುಗಿಸಿ ಹಾಕಿ, ಇನ್ನೊಂದು ಮುಖ. ಕೊನೆಗೆ ಕೈಗೆ ಬರುವುದು ವಿಚಿತ್ರ ಉಬ್ಬುತಗ್ಗಿನ ಒಂದು ಮರದ ಬಳೆ. ಪಕ್ಕದಲ್ಲಿ ನಿಂತವನಿಗೆ ತಲೆಬುಡ ತಿಳಿಯದು. ಆಮೇಲೆ ಚಾಕು ಇಟ್ಟು ಸುತ್ತಿಗೆಯಿಂದ ಹಗುರಾಗಿ ಕುಟ್ಟಿ, ಕೇಕು ಕೊಯ್ದ ಹಾಗೆ ಬಳೆಯನ್ನು ಸೀಳಿದರೆ ಪ್ರತಿ ಹೋಳಿನ ಕೊಯ್ದ ಮುಖದಲ್ಲೂ ಒಂದೊಂದು ಹಸು! ತಲೆ, ಬೆನ್ನು, ಹೊಟ್ಟೆ, ಕಾಲು ಎಲ್ಲ ಅಲ್ಲೇ. ಒಂದು ಬಳೆಯಿಂದ ಹತ್ತಾರು ಹಸುಗಳು. ಕಡೆಯುತ್ತಿರುವಾಗ ಹಸು ಅವನ ಕಣ್ಣಿಗೂ ಬೀಳುವುದಿಲ್ಲ, ಸೀಳುವವರೆಗೆ ಅದು ಇರುವುದು ಅವನ ಲೆಕ್ಕದಲ್ಲಿ ಮಾತ್ರ. ಉಳಿ ಒಂದು ಕೂದಲೆಳೆ ಜಾರಿದರೆ ಇಡೀ ಮಂದೆಯೇ ಕುಂಟು. ಈ ಕೆಲಸ ಬಲ್ಲವರು ಇವತ್ತು ಕೈಬೆರಳ ಎಣಿಕೆಗೆ ಸಿಗುವಷ್ಟೇ.

ಚನ್ನಪಟ್ಟಣದ ಲೇತು ನೋಡಿದವರಿಗೆ ಇದರ ಸೊಗಸು ಇನ್ನೂ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ನಮ್ಮಲ್ಲಿ ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಕಾವಿಗೆ ಅರಗು ಕರಗಿ ಬಣ್ಣ ಮೆತ್ತುತ್ತದೆ, ಗರಿಯಿಂದ ತಿಕ್ಕಿದರೆ ಹೊಳಪು. ಚನ್ನಪಟ್ಟಣದಲ್ಲಿ ಗೊಂಬೆ ಕಣ್ಣೆದುರೇ ಹುಟ್ಟುತ್ತದೆ, ದುಂಡಗೆ. ಜೈಫೆನ್‌ನಲ್ಲಿ ಗೊಂಬೆ ಮರದೊಳಗೆ ಅಡಗಿ ಕೂತಿರುತ್ತದೆ. ಎರಡು ಊರಿನ ಕಸುಬುದಾರರಿಗೂ ಪರಸ್ಪರ ಸಂಬಂಧ ಏನೂ ಇಲ್ಲ, ಲೇತಿನ ಮುಂದೆ ಬಗ್ಗಿದ ಬೆನ್ನು ಮಾತ್ರ ಒಂದೇ.

ಹೀಗೆ ಸೀಳಿದ ಪ್ರಾಣಿಗಳಿಗೆ ಕಿವಿ ಬಾಲ ಅಂಟಿಸಿ, ಬಣ್ಣ ಬಳಿದು, ನೋಹನ ನಾವೆಯೊಳಗೆ ಜೋಡಿಜೋಡಿಯಾಗಿ ತುಂಬಿ ಕಳಿಸುತ್ತಿದ್ದರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಭಾನುವಾರ ಆಟ ನಿಷಿದ್ಧವಾಗಿದ್ದ ಭಕ್ತರ ಮನೆಗಳಲ್ಲೂ ಈ ನಾವೆಗೆ ರಿಯಾಯಿತಿ ಇತ್ತು, ಬೈಬಲ್ಲಿನ ಕಥೆ ತಾನೆ! ಆಮದು ಸುಂಕವನ್ನು ತೂಕದ ಮೇಲೆ ಹಾಕತೊಡಗಿದಾಗ ಜೈಫೆನ್‌ನವರು ಆಟಿಕೆಗಳನ್ನು ಕುಗ್ಗಿಸುತ್ತ ಹೋಗಿ, 20ನೇ ಶತಮಾನದ ಆರಂಭಕ್ಕೆ ಬೆಂಕಿಪೊಟ್ಟಣದೊಳಗೆ ಇಡೀ ಒಂದು ಹಳ್ಳಿಯನ್ನೇ ಕೂರಿಸಿದರು. ಚತುರರೇ ಸರಿ, ಆದರೆ ಬಡತನದ ಚತುರತೆ. ಲಾಭ ಹೋಗುತ್ತಿದ್ದದ್ದು ಸಾಹುಕಾರರಿಗೆ. ಮನೆಮನೆಯಲ್ಲಿ ಅಡುಗೆಯ ಮೇಜೇ ಕಾರ್ಖಾನೆ, ಅಪ್ಪ ಕಡೆದರೆ ಅಮ್ಮ ಅಂಟಿಸುತ್ತಿದ್ದಳು, ಮಕ್ಕಳು ಬಣ್ಣದ ಚುಕ್ಕಿ ಇಡುತ್ತಿದ್ದವು. ಲಂಡನ್ನಿನ ಮಗು ಆಡಿದ ಆನೆಗೆ ಕಣ್ಣು ಬರೆದದ್ದು ಜೈಫೆನ್‌ನ ಇನ್ನೊಂದು ಮಗು. ಹಬ್ಬದ ಸಂತೆಯ ಮಿಣಮಿಣ ದೀಪದಲ್ಲಿ ಈ ಸಂಗತಿ ಯಾರ ನೆನಪಿಗೂ ಬರುವುದಿಲ್ಲ.

ಇನ್ನು ಉಡುಗೊರೆಯ ಮಾತು. ದೇವದೂತೆಯ ಬಗೆಗಳಲ್ಲಿ ಬಲು ಹೆಸರಾದದ್ದು ಗ್ರ್ಯೂನ್‌ಹೈನಿಖೆನ್ ಊರಿನ ‘ವೆಂಟ್ ಉಂಟ್ ಕ್ಯೂನ್’ ಸಂಸ್ಥೆಯದು. 1915ರಲ್ಲಿ ಗ್ರೇಟೆ ವೆಂಟ್, ಗ್ರೇಟೆ ಕ್ಯೂನ್ ಎಂಬ ಇಬ್ಬರು ಯುವತಿಯರು ಕಟ್ಟಿದ್ದು. ಯುದ್ಧದ ನಡುವೆ ಇಬ್ಬರು ಹೆಣ್ಣುಮಕ್ಕಳು ಸ್ವಂತ ಕಸುಬು ತೆರೆದದ್ದೇ ಒಂದು ಸುದ್ದಿ. ಇಲ್ಲಿನ ಪುಟ್ಟ ದೇವದೂತೆಯರ ಗುರುತು ಹಸಿರು ರೆಕ್ಕೆ, ಅದರ ಮೇಲೆ ಹನ್ನೊಂದು ಬಿಳಿ ಚುಕ್ಕಿ. ಒಬ್ಬಳು ಪಿಟೀಲು, ಒಬ್ಬಳು ಕೊಳಲು, ಒಬ್ಬಳು ಡೋಲು, ಹೀಗೆ ದೊಡ್ಡ ವಾದ್ಯಮೇಳವೇ ಇದೆ. 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಮೇಳಕ್ಕೆ ಚಿನ್ನದ ಪದಕ ಬಂತು. ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ, 1972ರಲ್ಲಿ, ಸಂಸ್ಥೆ ಸರ್ಕಾರದ ವಶವಾಯಿತು. ಗೊಂಬೆಗಳು ವಿದೇಶಿ ಹಣಕ್ಕೆಂದು ಹಡಗು ಹತ್ತುತ್ತಿದ್ದವು, ಊರಿನವರಿಗೇ ಸಿಗುವುದು ಕಷ್ಟವಾಗಿತ್ತು. ದೇವರನ್ನು ಒಪ್ಪದ ಸರ್ಕಾರ ದೇವದೂತೆಯನ್ನು ‘ವರ್ಷಾಂತ್ಯದ ರೆಕ್ಕೆಯ ಗೊಂಬೆ’ ಎಂದು ಕರೆಯುತ್ತಿತ್ತು ಎಂಬ ನಗೆಮಾತು ಆಗಿನದು. ಕಡತದಲ್ಲಿ ಹುಟ್ಟಿದ್ದಕ್ಕಿಂತ ಅದು ಜನರ ನಾಲಿಗೆಯಲ್ಲಿ ಹುಟ್ಟಿದ್ದು ಎನ್ನುವವರೇ ಹೆಚ್ಚು.

ಕೂಸಿಗೆ ಈ ಮೇಳದ ಒಬ್ಬಳನ್ನು ಕೊಟ್ಟು, ಪ್ರತಿ ಹಬ್ಬಕ್ಕೂ ಇನ್ನೊಬ್ಬಳನ್ನು ಸೇರಿಸುತ್ತ ಹೋಗುವವರಿದ್ದಾರೆ. ಹದಿನೆಂಟು ತುಂಬುವಾಗ ಮಗುವಿನ ಹತ್ತಿರ ಪುಟ್ಟ ಕಛೇರಿಯೇ ಸೇರಿರುತ್ತದೆ. ಬೆಲೆ ಅಗ್ಗವೇನಲ್ಲ. ನನ್ನನ್ನು ಕೇಳಿದರೆ ಒಂದೇ ಒಂದು ದೀಪದ ಗೊಂಬೆ ಸಾಕು ಎನ್ನುತ್ತೇನೆ. ಹುಟ್ಟಿದ ವರ್ಷವನ್ನು ಪೀಠದ ಅಡಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟರಾಯಿತು, ಮುಂದೆ ಎಷ್ಟು ವರ್ಷ ಕಳೆದರೂ ಯಾರದ್ದೆಂದು ಕೇಳಬೇಕಿಲ್ಲ. ಕೊಳ್ಳುವಾಗ ‘ಎಖ್ಟ್ ಎರ್ಟ್ಸ್‌ಗೆಬಿರ್ಗೆ’, ಅಂದರೆ ಅಸಲಿ ಎರ್ಟ್ಸ್‌ಗೆಬಿರ್ಗೆ, ಎಂಬ ಮುದ್ರೆ ನೋಡಬೇಕು. ಅದೇ ವೇಷದ ಅಗ್ಗದ ನಕಲುಗಳು ಹಬ್ಬದ ಸಂತೆಗಳಲ್ಲೇ ಧಾರಾಳವಾಗಿ ಸಿಗುತ್ತವೆ. ಮೇಣದಬತ್ತಿಯದಾದರೆ ಪರದೆಯಿಂದ ದೂರ ಇರಲಿ, ಅಂಟಿಸಿದ ಚೂರುಪಾರು ಕೂಸಿನ ಬಾಯಿಗೆ ಹೋಗದಿರಲಿ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದ ಹೊತ್ತಿಗೆ ಹೊರಗೆ ತೆಗೆದರೆ ಜನವರಿ 6ರವರೆಗೆ ಕಿಟಕಿಯಲ್ಲಿ, ಹಳೆಯ ಪದ್ಧತಿ ಬಿಡದ ಮನೆಗಳಲ್ಲಿ ಫೆಬ್ರವರಿ 2ರವರೆಗೆ. ಆಮೇಲೆ ಮತ್ತೆ ಪೆಟ್ಟಿಗೆಗೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಉಡಿದಾರ, ಗಿಲಕಿ, ಬೆಳ್ಳಿ ಒಳಲೆ ಎಲ್ಲ ಪೆಟ್ಟಿಗೆಯಲ್ಲಿ ಒಯ್ದಿದ್ದವಳು, “ನಮ್ಮದೆಲ್ಲ ಮೈಮೇಲೆ ಹಾಕೋದು, ಇವರದ್ದು ಬೀದಿಗೆ ತೋರ್ಸೋದು” ಎಂದು ತೀರ್ಪು ಕೊಟ್ಟಳು. ಗೊಂಬೆ ಮಾತ್ರ ಕಿಟಕಿಗೆ ಬಂತು. ಮರುದಿನ ಫೋನಿನ ಕ್ಯಾಮೆರಾವನ್ನು ರಸ್ತೆಯ ಕಡೆಗೆ ತಿರುಗಿಸಿ ತೋರಿಸಿದಳು. ಸಂಜೆ ನಾಲ್ಕೂವರೆ, ಹೊರಗೆ ಕಪ್ಪು. ಎದುರುಮನೆಯಲ್ಲಿ ಇರುವುದು ಆ ಅಜ್ಜಿ ಒಬ್ಬರೇ. ಮಕ್ಕಳಿಗೆಲ್ಲ ಐವತ್ತು ದಾಟಿದೆ, ಒಬ್ಬ ಕೆನಡಾದಲ್ಲಂತೆ. ಅವರ ಕಿಟಕಿಯಲ್ಲಿ ಇಬ್ಬರು ಗಣಿಯಾಳುಗಳು, ಒಬ್ಬಳು ದೇವದೂತೆ, ಮೂರೂ ದೀಪ ಉರಿಯುತ್ತಿದ್ದವು.