ಸೈಕಲ್ಲಿನಲ್ಲಿ ಸಮುದ್ರಕ್ಕೆ: ಹೊರಡುವ ಮುನ್ನ ಎದೆಯ ಮಾತು ಕೇಳಿ

2025ರ ಜುಲೈ ಕೊನೆಯಲ್ಲಿ ಒಂದು ಸಂಜೆ ಕೊರವಂಗಲದ ಸುತ್ತಮುತ್ತಲಿನ ಏಳು ಮಂದಿ ಗೆಳೆಯರು ಒಟ್ಟಾಗಿ ನನ್ನ ಬಳಿ ಬಂದರು. ಯಾರಿಗೂ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು. "ಡಾಕ್ಟ್ರೇ, ಮಳೆಗಾಲ ಮುಗಿದ ಮೇಲೆ ಒಂದು ಎರಡನೇ ಶನಿವಾರ ಸೈಕಲ್ ಹತ್ತಿ ಮಂಗಳೂರಿಗೆ ಹೋಗಿ ಸಮುದ್ರ ನೋಡ್ಕೊಂಡು ಬರೋಣ ಅಂತಿದೀವಿ. ಹೋಗ್ಬೋದಾ?" ಅವರಲ್ಲಿ ಕಿರಿಯನಿಗೆ 24 ವರ್ಷ, ಹಿರಿಯರಿಗೆ 52.

ಆ ಹಿರಿಯರ ಪತ್ನಿಯೂ ಜೊತೆಯಲ್ಲಿ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ಬೇಡ ಅಂತ ಹೇಳಿ ಸಾರ್. ಪೇಪರ್ ತೆಗೆದ್ರೆ ಹಾಸನದಲ್ಲಿ ಹಾರ್ಟ್ ಅಟ್ಯಾಕು ಅಂತಲೇ ಇರುತ್ತೆ. ಸುಮ್ನೆ ಕೂತೋರೇ ಹೋಗ್ತಿದಾರೆ, ಇವ್ರು ಘಟ್ಟದಲ್ಲಿ ಸೈಕಲ್ ತುಳೀತಾರಂತೆ!"

ಆ ತಾಯಿಯ ಭಯ ಅಕಾರಣವಾದುದಲ್ಲ. ಆ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಇಡೀ ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. ಜನ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲುಗಟ್ಟಿ ನಿಂತಿದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಜಿಲ್ಲೆಯಲ್ಲಿ ಹೃದಯ ಸಂಬಂಧಿ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಜುಲೈನಲ್ಲಿ ತಿಳಿಸಿತು. ಆದರೂ ಮನಸ್ಸಿಗೆ ಹೊಕ್ಕ ಭಯ ವರದಿ ಓದಿದ ಮಾತ್ರಕ್ಕೆ ಹೋಗುವುದಿಲ್ಲ. ಬೆಳಗಿನ ನಡಿಗೆ ಬಿಟ್ಟವರನ್ನು, ಸೈಕಲ್ಲನ್ನು ಅಟ್ಟಕ್ಕೇರಿಸಿದವರನ್ನು ನಾನು ಕಂಡಿದ್ದೇನೆ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು.

ಹಾಗಾದರೆ ಸೈಕಲ್ಲಿನಲ್ಲಿ ಸಮುದ್ರಕ್ಕೆ ಹೋಗಬಹುದೇ? ಹೋಗಬಹುದು. ಆದರೆ ನಾಳೆಯೇ ಅಲ್ಲ.

ಹೃದಯಕ್ಕೂ ರೂಢಿ ಬೇಕು

ಶ್ರಮದಿಂದ ಹೃದಯಾಘಾತವಾಗುತ್ತದೆಯೇ ಎಂಬ ಪ್ರಶ್ನೆಗೆ 1993ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಸ್ಪಷ್ಟ ಉತ್ತರ ನೀಡಿದೆ. ವಾರಕ್ಕೆ ಒಮ್ಮೆಯೂ ವ್ಯಾಯಾಮ ಮಾಡದವರು ಇದ್ದಕ್ಕಿದ್ದಂತೆ ಕಠಿಣ ಶ್ರಮಕ್ಕಿಳಿದರೆ, ಆ ಒಂದು ಗಂಟೆಯ ಅವಧಿಯಲ್ಲಿ ಹೃದಯಾಘಾತದ ಸಾಧ್ಯತೆ ಅವರ ಉಳಿದ ಹೊತ್ತಿಗಿಂತ 107 ಪಟ್ಟು ಹೆಚ್ಚು. ವಾರಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ವ್ಯಾಯಾಮ ಮಾಡುವವರಲ್ಲಿ ಇದೇ ಹೆಚ್ಚಳ ಕೇವಲ 2.4 ಪಟ್ಟು.

107 ಎಂದ ಕೂಡಲೇ ಗಾಬರಿಯಾಗಬೇಕಿಲ್ಲ. ಆರೋಗ್ಯವಂತನಿಗೆ ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಾಧ್ಯತೆ ಅತ್ಯಲ್ಪ. ಅದು ನೂರು ಪಟ್ಟಾದರೂ ಸಣ್ಣದೇ. ಆದರೆ ರಕ್ತನಾಳದೊಳಗೆ ಸದ್ದಿಲ್ಲದೆ ಕೊಬ್ಬು ಕಟ್ಟಿಕೊಂಡವರಿಗೆ ಅದು ಸಣ್ಣದಲ್ಲ. ಅಪಾಯ ಇರುವುದು ಸೈಕಲ್ಲಿನಲ್ಲಿ ಅಲ್ಲ, ರೂಢಿಯಿಲ್ಲದ ದೇಹವನ್ನು ಒಮ್ಮೆಲೇ ದುಡಿಸುವುದರಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ನಮ್ಮ ಏಳು ಮಂದಿಯ ವಿಷಯದಲ್ಲೂ ಇದೇ ನಿಜವಾಯಿತು. ಮನೆಯಾಕೆ ಹೆದರಿದ್ದು 52ರ ಹಿರಿಯರಿಗಾಗಿ. ಅವರೋ ದಿನವೂ ಸೈಕಲ್ಲಿನಲ್ಲಿ ತೋಟಕ್ಕೆ ಹೋಗಿಬರುವವರು. ರಕ್ತದೊತ್ತಡ, ಸಕ್ಕರೆ ಎರಡೂ ಹತೋಟಿಯಲ್ಲಿದ್ದವು. ಎಲ್ಲರೂ ಎದ್ದು ಹೊರಟ ಮೇಲೆ ಹಿಂದೆ ಉಳಿದವರು ಇನ್ನೊಬ್ಬರು. 46 ವರ್ಷದ ಆಲೂಗೆಡ್ಡೆ ವ್ಯಾಪಾರಿ. ದಿನವಿಡೀ ಕೂತು ಮಾಡುವ ಕೆಲಸ, ದಿನಕ್ಕೊಂದು ಪ್ಯಾಕ್ ಸಿಗರೇಟು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಮಹಡಿ ಹತ್ತುವಾಗ ಎದೆ ಹಿಡಿದಂಗಾಗುತ್ತೆ ಸಾರ್. ನಿಂತ್ರೆ ಸರಿಹೋಗುತ್ತೆ. ಗ್ಯಾಸು ಇರ್ಬೇಕು. ಅವ್ರ ಮುಂದೆ ಹೇಳೋಕೆ ಒಂಥರಾ ಆಯ್ತು."

ಶ್ರಮಪಟ್ಟಾಗ ಬಂದು, ನಿಂತಾಗ ಹೋಗುವ ಎದೆಬಿಗಿತ ಗ್ಯಾಸ್ ಅಲ್ಲ. ಬೇರೆ ಕಾರಣ ಸಿದ್ಧಪಡುವ ತನಕ ಅದು ಹೃದಯದ ತೊಂದರೆ ಎಂದೇ ತಿಳಿಯಬೇಕು. ಅವರ ಸಾಮಾನ್ಯ ಇಸಿಜಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ಹೃದ್ರೋಗ ತಜ್ಞರ ಬಳಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದಾಗ ಆರು ನಿಮಿಷದೊಳಗೆ ದೋಷ ಬಯಲಾಯಿತು. ಮಲಗಿದ್ದಾಗ ತೆಗೆದ ಇಸಿಜಿ ಚೆನ್ನಾಗಿದೆ ಎಂದು ನಿಶ್ಚಿಂತರಾಗಬಾರದು ಎನ್ನುವುದು ಇದಕ್ಕಾಗಿಯೇ. ಅವರ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಯಿತು. ಗೆಳೆಯರ ಸೈಕಲ್ ಹುಚ್ಚೇ ಅವರನ್ನು ವೈದ್ಯರ ಬಳಿಗೆ ತಂದಿತ್ತು.

ಪರೀಕ್ಷೆ ಯಾರಿಗೆ?

ಲಕ್ಷಣಗಳಿಲ್ಲದ, ಈಗಾಗಲೇ ಓಡಾಡಿಕೊಂಡಿರುವ ಯುವಕರಿಗೆ ದೊಡ್ಡ ಪರೀಕ್ಷೆಗಳು ಬೇಕಿಲ್ಲ. 40 ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೆಚ್ಚಿನ ಕೊಲೆಸ್ಟರಾಲ್ ಇರುವವರು, ಧೂಮಪಾನಿಗಳು, ಹಾಗೂ ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿರುವವರು ಮೊದಲು ವೈದ್ಯರನ್ನು ಕಾಣಬೇಕು. ಶ್ರಮದಲ್ಲಿ ಎದೆನೋವು, ಮಿತಿಮೀರಿದ ಏದುಸಿರು, ಕಣ್ಣು ಕತ್ತಲೆ, ಮೂರ್ಛೆ ಇವುಗಳಲ್ಲಿ ಒಂದಿದ್ದರೂ ವಯಸ್ಸು 20 ಆಗಿರಲಿ, ತಪಾಸಣೆ ಮಾಡಿಸಿಕೊಳ್ಳಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಸವಾರಿಯ ದಿನದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡಿರಬೇಕು.

ಹತ್ತು ವಾರದ ಅಭ್ಯಾಸ

ಕೊರವಂಗಲದಿಂದ ಮಂಗಳೂರಿನ ಕಡಲತೀರಕ್ಕೆ ಸುಮಾರು 180 ಕಿ.ಮೀ. 200 ಕಿ.ಮೀ.ಗಳನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ 'ಬ್ರೆವೆ' ಸವಾರಿಗಳು ಬೆಂಗಳೂರಿನಲ್ಲಿ ನಡೆಯುತ್ತವೆ. ಹೊಸಬರಿಗೆ ಆ ಹಟ ಬೇಡ. ಎರಡು ದಿನ ಮಾಡಿಕೊಂಡರೆ ಸಾಕು. ಮೊದಲ ದಿನ ಉಪ್ಪಿನಂಗಡಿ, ಎರಡನೆಯ ದಿನ ಸಮುದ್ರ.

ಇದಕ್ಕೆ ಹತ್ತು ವಾರಗಳ ಸಿದ್ಧತೆ ಬೇಕು. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಾಸನಕ್ಕೆ ಹೋಗಿಬಂದರೆ ಸುಮಾರು 20 ಕಿ.ಮೀ. ಆಗುತ್ತದೆ. ಅನಂತರ ಭಾನುವಾರಗಳಂದು ಮಾತ್ರ ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸಬೇಕು. ಹಾಸನದಿಂದ ಹಳೇಬೀಡಿಗೆ ಹೋಗಿಬಂದರೆ 60 ಕಿ.ಮೀ., ಸಕಲೇಶಪುರಕ್ಕೆ ಹೋಗಿಬಂದರೆ 80. ಈ ಎರಡನೆಯದನ್ನು ಸುಸ್ತಾಗದೆ ಮುಗಿಸಿದವರು ಸಮುದ್ರಕ್ಕೆ ಸಿದ್ಧರಾದಂತೆ. ಕೊನೆಯ ವಾರ ದೇಹಕ್ಕೆ ವಿಶ್ರಾಂತಿ ಕೊಡಬೇಕು.

ವೇಗ ಎಷ್ಟಿರಬೇಕು? ತುಳಿಯುತ್ತಲೇ ಪಕ್ಕದವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮಾತೂ ಕಷ್ಟವಾದರೆ ವೇಗ ಹೆಚ್ಚಾಯಿತೆಂದು ಅರ್ಥ.

ಸೀಟಿನ ಎತ್ತರವನ್ನು ಹಲವರು ಕಡೆಗಣಿಸುತ್ತಾರೆ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ. ಕಿರುಬೆರಳು, ಉಂಗುರ ಬೆರಳುಗಳು ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಅಂಗೈ ಭಾರ ಹೆಚ್ಚಾಗಿ ನರ ಒತ್ತುತ್ತಿದೆ ಎಂದರ್ಥ. ಆಗಾಗ ಹಿಡಿತ ಬದಲಿಸಬೇಕು. ತೊಡೆಸಂದಿ ಉಜ್ಜಿ ಹುಣ್ಣಾಗದಂತೆ ವ್ಯಾಸಲೀನ್ ಹಚ್ಚಿಕೊಳ್ಳುವುದು ಒಳ್ಳೆಯದು.

ಇಳಿಜಾರಿನ ಮೋಸ

ಹಾಸನ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. "ಸಮುದ್ರಕ್ಕೆ ಇಳಿಜಾರೇ ಅಲ್ವಾ, ಏನು ಕಷ್ಟ?" ಎಂದು ಕಿರಿಯ ಕೇಳಿದ್ದ. ಕಷ್ಟ ಅಲ್ಲಿಯೇ ಇದೆ. ಬಾಳ್ಳುಪೇಟೆ ದಾಟಿ ಸಕಲೇಶಪುರದವರೆಗೆ ರಸ್ತೆ ಏರಿಳಿತದ್ದು. ಅಲ್ಲಿಂದ ಮುಂದೆ ಶಿರಾಡಿ ಘಟ್ಟ ಆರಂಭವಾಗಿ, ಗುಂಡ್ಯ ತಲುಪುವಷ್ಟರಲ್ಲಿ ಬಹುಪಾಲು ಎತ್ತರ ಇಳಿದುಹೋಗಿರುತ್ತದೆ. ಇಲ್ಲಿ ಕಾಲಿಗೆ ಕೆಲಸವಿಲ್ಲ, ಬ್ರೇಕಿಗೆ ಬಿಡುವಿಲ್ಲ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಒತ್ತಿ ಬಿಡುತ್ತ, ಹಿಂದಿನ ಮುಂದಿನ ಬ್ರೇಕುಗಳನ್ನು ಹಂಚಿ ಬಳಸಬೇಕು. ಹೆಲ್ಮೆಟ್ ಕಡ್ಡಾಯ. ಲಾರಿ, ಟ್ಯಾಂಕರುಗಳು ಬಿಡುವಿಲ್ಲದೆ ಓಡಾಡುವ ಹೆದ್ದಾರಿಯಾದ್ದರಿಂದ ಒಬ್ಬರ ಹಿಂದೆ ಒಬ್ಬರು, ನಡುವೆ ಸಾಕಷ್ಟು ಅಂತರ ಬಿಟ್ಟು, ಹಗಲು ಬೆಳಕಿನಲ್ಲಿಯೇ ಇಳಿಯಬೇಕು. ಮಳೆಗಾಲದಲ್ಲಿ ಈ ಯೋಚನೆಯೇ ಬೇಡ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಈ ರಸ್ತೆಯೇ ಮುಚ್ಚಿಹೋಗಿತ್ತು.

ಎರಡನೆಯ ಮೋಸ ಸೆಕೆಯದು. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟವರು ಮಧ್ಯಾಹ್ನ ನೆಲ್ಯಾಡಿಯಲ್ಲಿ ಬೆವರಿನಲ್ಲಿ ತೊಯ್ದಿರುತ್ತಾರೆ. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಯಲುಸೀಮೆಯ ದೇಹಕ್ಕೆ ಈ ಹವೆ ಒಗ್ಗಲು ದಿನಗಳೇ ಬೇಕು. ಆದ್ದರಿಂದ ಘಟ್ಟ ಇಳಿದ ಮೇಲೆ ವೇಗ ತಗ್ಗಿಸಿ, ಮಧ್ಯಾಹ್ನ ನೆರಳಿನಲ್ಲಿ ಒಂದೆರಡು ಗಂಟೆ ಕಳೆಯಬೇಕು. ಜೊತೆಗಾರ ತಡವರಿಸಿ ಮಾತನಾಡಿದರೆ, ತೂರಾಡಿದರೆ, ಮೈ ಸುಡುತ್ತಿದ್ದರೆ ಅದು ಶಾಖಾಘಾತ. ಮೊದಲು ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಆಂಬುಲೆನ್ಸ್ ಬರುವವರೆಗೆ ಇದನ್ನು ನಿಲ್ಲಿಸಬೇಡಿ.

ನೀರು, ಉಪ್ಪು, ಊಟ

ಗಂಟೆಗೆ ಅರ್ಧ ಲೀಟರಿನಷ್ಟು, ಸೆಕೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ನೀರು ಸಾಕಾಗುತ್ತದೆ. ಬಾಯಾರಿಕೆಯೇ ಒಳ್ಳೆಯ ಅಳತೆ. ಹೆದರಿಕೆಯಿಂದ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಟೀ ಚಮಚದ ಅಳತೆ) ಬೆರೆಸಿಕೊಳ್ಳಿ. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಆದೀತು. ರಕ್ತದೊತ್ತಡದವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು.

ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ದೇಹಕ್ಕೆ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಿಂದಿನ ರಾತ್ರಿ ಮುದ್ದೆ ಊಟ, ಬೆಳಿಗ್ಗೆ ಇಡ್ಲಿ, ದಾರಿಯಲ್ಲಿ ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ. ದುಬಾರಿ ಪುಡಿಗಳು ಬೇಕಿಲ್ಲ.

ಎದೆನೋವು ಬಂದರೆ

ಎದೆಬಿಗಿತ, ಎಡತೋಳಿಗೋ ದವಡೆಗೋ ಹಬ್ಬುವ ನೋವು, ತಣ್ಣನೆಯ ಬೆವರು ಕಂಡರೆ ಆ ಕ್ಷಣವೇ ಸವಾರಿ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಅಲರ್ಜಿ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ ಉಚಿತವಾಗಿ ಕೊಡುತ್ತಾರೆ. ರೋಗಿ ಪ್ರಜ್ಞೆ ತಪ್ಪಿ ಉಸಿರು ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಎರಡು ಅಂಗುಲ ತಗ್ಗುವಂತೆ ಒತ್ತುತ್ತಿರಬೇಕು. ಘಟ್ಟದ ಕೆಲವೆಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆದ್ದರಿಂದ ಗುಂಪಿನಲ್ಲಿ ಇಬ್ಬರಾದರೂ ಇದನ್ನು ಕಲಿತಿರಬೇಕು, ಹಿಂದೆ ಒಂದು ವಾಹನ ಬರುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದಿದೆ. ಗುಂಪಿನ ವೇಗವೆಂದರೆ ಎಲ್ಲರಿಗಿಂತ ಹಿಂದಿರುವವನ ವೇಗ. ಅವನನ್ನು ಮುಂದೆ ಬಿಟ್ಟು ಉಳಿದವರು ಹಿಂಬಾಲಿಸಲಿ. ಜೊತೆಗಾರರ ಮುಂದೆ ಮಾನ ಹೋದೀತೆಂದು ನೋವು ನುಂಗಿಕೊಂಡು ತುಳಿಯುವವನೇ ಅಪಾಯದಲ್ಲಿರುವವನು. "ನನಗೆ ಆಗ್ತಿಲ್ಲ" ಎಂದು ಹೇಳಲು ನಾಚಿಕೆಪಡದಂಥ ಗುಂಪಿನಲ್ಲಿ ಮಾತ್ರ ಹೊರಡಿ.

ಡಿಸೆಂಬರ್‌ನ ಎರಡನೇ ಶನಿವಾರ ನಸುಕಿನಲ್ಲಿ, 1173ರಲ್ಲಿ ಕಟ್ಟಿದ ಬೂಚೇಶ್ವರ ದೇವಾಲಯದ ಮುಂದಿನಿಂದ ಆರು ಸೈಕಲ್ಲುಗಳು ಹೊರಟವು. ಎಲ್ಲರಿಗಿಂತ ಮುಂದೆ 52ರ ಹಿರಿಯರು. ಹಿಂದೆ ಸಾಮಾನು ಹೊತ್ತ ಟಾಟಾ ಏಸ್ ಗಾಡಿಯಲ್ಲಿ ನಮ್ಮ ಆಲೂಗೆಡ್ಡೆ ವ್ಯಾಪಾರಿ. ಸಿಗರೇಟು ಬಿಟ್ಟು ನಾಲ್ಕು ತಿಂಗಳಾಗಿತ್ತು. ಭಾನುವಾರ ಮಧ್ಯಾಹ್ನ ಎಲ್ಲರೂ ಪಣಂಬೂರಿನ ಮರಳಿನ ಮೇಲಿದ್ದರು. ಘಟ್ಟ ಹತ್ತುವ ಸಾಹಸ ಮಾಡದೆ ಸೈಕಲ್ಲುಗಳನ್ನು ಗಾಡಿಗೆ ಹೇರಿ, ತಾವು ರಾತ್ರಿ ರೈಲಿನಲ್ಲಿ ಹಿಂತಿರುಗಿದರು.

ವ್ಯಾಪಾರಿಗೆ ತಜ್ಞರು ಈಗ ದಿನಕ್ಕೆ ಅರ್ಧ ಗಂಟೆಯ ನಡಿಗೆ ಹೇಳಿದ್ದಾರೆ. ಮೊನ್ನೆ ಮಾತ್ರೆಯ ಚೀಟಿ ತೋರಿಸಲು ಬಂದವರು ಸೈಕಲ್ ಯಾವಾಗ ತುಳಿಯಬಹುದೆಂದು ಕೇಳಿದರು. ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಮತ್ತೊಮ್ಮೆ ಆಗಲಿ, ಆಮೇಲೆ ಹಾಸನದವರೆಗೆ ಹೋಗಿಬನ್ನಿ ಎಂದೆ.