ಐದು ಸಾಲಿನ ಪಟ್ಟಿ, ಮಿಶಿಗನ್ ಆಸ್ಪತ್ರೆಗಳ ಪಾಠ

ದೊಡ್ಡ ಸಂಸ್ಥೆಗಳಲ್ಲಿ ಹೊಸತನ ಎಂದೊಡನೆ ನಮಗೆ ನೆನಪಾಗುವುದು ಹೊಸ ಯಂತ್ರ, ಹೊಸ ಔಷಧ, ಹೊಸ ಸಾಫ್ಟ್‌ವೇರ್. ಆದರೆ ನಮ್ಮ ಮಿಶಿಗನ್ ರಾಜ್ಯದ ಆಸ್ಪತ್ರೆಗಳಲ್ಲಿ ಆದ ಒಂದು ದೊಡ್ಡ ಸುಧಾರಣೆಗೆ ಬೇಕಾಗಿದ್ದು ಐದು ಸಾಲಿನ ಒಂದು ಪಟ್ಟಿ ಮತ್ತು ಅದನ್ನು ನಡೆಸಿಕೊಡುವ ವ್ಯವಸ್ಥೆ.

ತೀವ್ರ ನಿಗಾ ಘಟಕದಲ್ಲಿ ರೋಗಿಯ ಕತ್ತು, ಎದೆ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ನಳಿಕೆಯೊಂದನ್ನು ತೂರಿಸುತ್ತಾರೆ. ಇದೇ ಸೆಂಟ್ರಲ್ ಲೈನ್. ಅದರ ಮೂಲಕ ರೋಗಾಣು ಹೊಕ್ಕರೆ ನೇರವಾಗಿ ರಕ್ತಕ್ಕೆ ಸೇರಿ ಪ್ರಾಣಕ್ಕೇ ಅಪಾಯ. ತಡೆಯುವ ಕ್ರಮಗಳು ಐದು: ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡೀನ್‌ನಿಂದ ಚರ್ಮ ಶುಚಿಗೊಳಿಸುವುದು, ಟೋಪಿ, ಮಾಸ್ಕ್, ಗೌನು, ಕೈಗವಸು ಧರಿಸಿ ರೋಗಿಗೆ ಕ್ರಿಮಿರಹಿತ ಹೊದಿಕೆ ಹಾಕುವುದು, ಸಾಧ್ಯವಾದಷ್ಟೂ ತೊಡೆಸಂದಿಯನ್ನು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು.

ಇವು ವೈದ್ಯರಿಗೆ ತಿಳಿಯದ ಸಂಗತಿಗಳಲ್ಲ. ಆದರೂ 2001ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಡಾ. ಪೀಟರ್ ಪ್ರೊನೊವೊಸ್ಟ್ ಅವರು ನರ್ಸ್‌ಗಳಿಂದ ಗಮನಿಸಿಸಿದಾಗ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ಒಂದಾದರೂ ಹೆಜ್ಜೆ ತಪ್ಪಿಹೋಗುತ್ತಿತ್ತು. ಆಗ ಆಡಳಿತ ಮಂಡಳಿ ನರ್ಸ್‌ಗಳಿಗೆ ಒಂದು ಅಧಿಕಾರ ಕೊಟ್ಟಿತು: ಹೆಜ್ಜೆ ತಪ್ಪಿದರೆ ವೈದ್ಯರನ್ನು ತಡೆಯಬಹುದು. ನಮ್ಮ ತಲೆಮಾರಿನ ವೈದ್ಯರು ಕಲಿತ ಕಾಲದಲ್ಲಿ, ಊರಿನಲ್ಲಾಗಲಿ ಇಲ್ಲಾಗಲಿ, ನರ್ಸ್ ಒಬ್ಬರು ವೈದ್ಯರಿಗೆ "ನಿಲ್ಲಿಸಿ" ಎನ್ನುವುದು ಊಹೆಗೂ ಮೀರಿದ ಮಾತಾಗಿತ್ತು. ನಿಜವಾದ ಹೊಸತನ ಇದ್ದದ್ದು ಇಲ್ಲಿಯೇ.

ಮಿಶಿಗನ್ ಆಸ್ಪತ್ರೆಗಳ ಸಂಘ ಇದನ್ನು ಕೀಸ್ಟೋನ್ ಯೋಜನೆಯ ಹೆಸರಿನಲ್ಲಿ ರಾಜ್ಯಕ್ಕೆಲ್ಲ ತಂದಿತು. ಪ್ರತಿ ಘಟಕದಲ್ಲಿ ಒಬ್ಬ ವೈದ್ಯ, ಒಬ್ಬ ನರ್ಸ್ ಮುಂದಾಳುಗಳಾದರು. ಆಸ್ಪತ್ರೆಯ ಹಿರಿಯ ಅಧಿಕಾರಿಗಳೂ ಕೈಜೋಡಿಸಿ, ಕ್ಲೋರ್‌ಹೆಕ್ಸಿಡೀನ್‌ನಂಥ ಸಾಮಗ್ರಿ ಸಿಗುವಂತೆ ನೋಡಿಕೊಂಡರು. ಬೇಕಾದ ವಸ್ತುಗಳೆಲ್ಲ ಒಂದೇ ಗಾಡಿಯಲ್ಲಿ ಬಂದವು. ಸೋಂಕಿನ ಲೆಕ್ಕ ಘಟಕದವರಿಗೇ ಮರಳಿ ತಲುಪುತ್ತಿತ್ತು.

ಫಲಿತಾಂಶ 2006ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. 103 ಘಟಕಗಳ ಲೆಕ್ಕದಂತೆ, ಒಬ್ಬ ರೋಗಿಗೆ ಒಂದು ದಿನ ನಳಿಕೆ ಇದ್ದರೆ ಒಂದು ನಳಿಕೆ-ದಿನ ಎಂದೆಣಿಸಿ, ಸಾವಿರ ನಳಿಕೆ-ದಿನಗಳಿಗೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದ ಹೊತ್ತಿಗೆ 1.4ಕ್ಕೆ ಇಳಿದಿತ್ತು.

ಹಾಗಾದರೆ ಪಟ್ಟಿಯೊಂದಿದ್ದರೆ ಸಾಕೇ? ಡೆಟ್ರಾಯಿಟ್ ನದಿಯ ಆಚೆಯ ಆಂಟೇರಿಯೊ ಪ್ರಾಂತದಲ್ಲಿ 2010ರಲ್ಲಿ ಶಸ್ತ್ರಚಿಕಿತ್ಸೆಗೆ ಬೇರೊಂದು ಪಟ್ಟಿಯನ್ನು ಬಳಸಿ ವರದಿ ಮಾಡುವುದು ಕಡ್ಡಾಯವಾಯಿತು. 101 ಆಸ್ಪತ್ರೆಗಳ ಅಧ್ಯಯನ 2014ರಲ್ಲಿ ಹೊರಬಂದಾಗ, ಸಾವಿನ ಪ್ರಮಾಣದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಅಧ್ಯಯನದ ಅವಧಿ ಚಿಕ್ಕದಾಯಿತು ಎನ್ನುವವರೂ ಉಂಟು. ಆದರೆ ಆದೇಶ ಹೊರಡಿಸುವುದು ಬೇರೆ, ಕೆಲಸದ ರೀತಿ ಬದಲಾಗುವುದು ಬೇರೆ ಎಂದು ನನಗನ್ನಿಸುತ್ತದೆ.

ನಮ್ಮವರಲ್ಲಿ ಅನೇಕರು ಡೆಟ್ರಾಯಿಟ್‌ನ ಕಾರು ಕಂಪನಿಗಳಲ್ಲೋ ಶಿಕಾಗೋದ ಆಸ್ಪತ್ರೆ, ಬ್ಯಾಂಕುಗಳಲ್ಲೋ ದುಡಿಯುತ್ತಿದ್ದಾರೆ. ಹೊಸ ಪದ್ಧತಿಯೊಂದನ್ನು ತರುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ತಪ್ಪು ಕಂಡವರಿಗೆ, ಅವರು ಎಷ್ಟೇ ಕಿರಿಯರಾಗಿರಲಿ, ತಡೆಯುವ ಅಧಿಕಾರವಿದೆಯೇ? ಬೇಕಾದ ಸಾಮಗ್ರಿ ಕೈಗೆಟಕುವಂತಿದೆಯೇ? ಫಲಿತಾಂಶ ಕೆಲಸ ಮಾಡಿದವರಿಗೆ ತಿಳಿಯುತ್ತದೆಯೇ? ಮೂರಕ್ಕೂ "ಹೌದು" ಎನ್ನುವಂತಾದ ಮೇಲೆ ಸುತ್ತೋಲೆ ಕಳಿಸಿ.