ಅಂಟುವಾಳದ ನೊರೆ, ತೊಡಿಕಾನದ ಮೀನು

ಮಕ್ಕಳೇ, ನಿಮ್ಮ ಮನೆಯಲ್ಲಿ ತೊಳೆಯುವ ಬಾಟಲಿಗಳು ಎಷ್ಟಿವೆ? ಪಾತ್ರೆಗೊಂದು, ನೆಲಕ್ಕೊಂದು, ಬಟ್ಟೆಗೊಂದು, ಪಾಯಿಖಾನೆಗೆ ಮತ್ತೊಂದು. ಪುತ್ತೂರು, ಸುಳ್ಯ, ಕಡಬದ ಹಳ್ಳಿಮನೆಗಳಲ್ಲಿ ನಿಮ್ಮ ಅಜ್ಜಿಯರು ಚಿಕ್ಕವರಿದ್ದಾಗ ಈ ಬಾಟಲಿಗಳ ಸಾಲು ಇರಲಿಲ್ಲ. ಆದರೂ ದೀಪ ಹೊಳೆಯುತ್ತಿತ್ತು, ಪಾತ್ರೆಯ ಜಿಡ್ಡು ಹೋಗುತ್ತಿತ್ತು. ಬೇಕಾದ ಸಾಮಾನೆಲ್ಲ ಹಿತ್ತಿಲಿನಲ್ಲಿ, ಇಲ್ಲವೇ ಬಚ್ಚಲಿನ ಒಲೆಯಲ್ಲಿ ಸಿಗುತ್ತಿತ್ತು.

ಯಾವುದಕ್ಕೆ ಯಾವುದು?

ಜಿಡ್ಡಿನ ಪಾತ್ರೆಗೆ ಬೂದಿ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿದೆ. ಅದು ಎಣ್ಣೆಯೊಡನೆ ಸೇರಿ ಸಾಬೂನಿನಂತೆ ಕೆಲಸ ಮಾಡುತ್ತದೆ. ಪೂರ್ತಿ ಆರಿದ ಬೂದಿಯನ್ನು ಜರಡಿ ಹಿಡಿದು, ತೆಂಗಿನ ನಾರಿನಿಂದ ಉಜ್ಜಿ. ನಾನ್‌ಸ್ಟಿಕ್ ಪಾತ್ರೆಗೆ ಮಾತ್ರ ಬೇಡ, ಗೀರು ಬೀಳುತ್ತದೆ.

ಹಿತ್ತಾಳೆ, ತಾಮ್ರಕ್ಕೆ ಹುಳಿ. ಹುಣಸೆಹುಳಿ ಅಥವಾ ಬಿಂಬುಳಿಯಲ್ಲಿರುವ ಆಮ್ಲವು ಲೋಹದ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಸ್ವಲ್ಪ ಉಪ್ಪು ಸೇರಿಸಿ ತಿಕ್ಕಿ, ಕೂಡಲೇ ತೊಳೆದು ಒರಸಿಡಿ.

ರೇಷ್ಮೆ ಸೀರೆಗೆ, ಚಿನ್ನದ ಒಡವೆಗೆ ಅಂಟುವಾಳ. ಈ ಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಎಂಬ ವಸ್ತುವಿದೆ. ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು. ಹೀಗೆ ಕೊಳೆ ನೀರಿನೊಡನೆ ಹೊರಟುಹೋಗುತ್ತದೆ.

ಅಂಟುವಾಳದ ನೀರು ಮಾಡೋಣ

ಹತ್ತು ಹನ್ನೆರಡು ಒಣ ಕಾಯಿಗಳನ್ನು ಜಜ್ಜಿ ಬೀಜ ತೆಗೆಯಿರಿ. ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಅಜ್ಜಿಯೋ ಅಮ್ಮನೋ ಅದನ್ನು 15 ನಿಮಿಷ ಕುದಿಸಲಿ. ಆರಿದ ಮೇಲೆ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ಪಾತ್ರೆಗೂ ಬಟ್ಟೆಗೂ ಇದೇ ನೀರು ಸಾಕು. ನೊರೆ ಕಡಿಮೆ ಬಂದರೂ ಕೊಳೆ ಹೋಗುತ್ತದೆ. ಇದು ಬೇಗ ಹಳಸುವುದರಿಂದ ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ. ಕಣ್ಣಿಗೆ ತಾಗಿದರೆ ಬಲವಾಗಿ ಉರಿಯುತ್ತದೆ, ಜೋಪಾನ.

ಬೆರೆಸಬಾರದ್ದು

ಅಂಗಡಿಯಿಂದ ತಂದ ಬ್ಲೀಚಿಂಗ್ ಪುಡಿಯನ್ನು ಪಾಯಿಖಾನೆಯ ಆಸಿಡ್‌ನೊಡನೆ ಎಂದೂ ಬೆರೆಸಬೇಡಿ. ಹುಳಿಯೂ ಆಮ್ಲವೇ, ಅದನ್ನೂ ಸೇರಿಸಬೇಡಿ. ಬೆರೆತರೆ ಕ್ಲೋರಿನ್ ಎಂಬ ವಿಷಗಾಳಿ ಹೊರಟು ಉಸಿರು ಕಟ್ಟುತ್ತದೆ. ಹುಳಿಯನ್ನೂ ಬೂದಿಯನ್ನೂ ಒಟ್ಟಿಗೆ ಹಾಕಿದರೆ ಅಪಾಯವಿಲ್ಲ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಯಾವ ತೊಳೆಯುವ ನೀರನ್ನೂ ಕುಡಿಯುವ ಬಾಟಲಿಯಲ್ಲಿ ತುಂಬಿಸಿಡಬೇಡಿ. ಅಜ್ಜ ಅಜ್ಜಿಯರೇ, ಈ ಮಾತು ನಿಮಗೂ ಸೇರಿದ್ದು. ಮನೆಯಲ್ಲಿ ವಾಂತಿಭೇದಿ ಬಂದಾಗ ಅಂಟುವಾಳವನ್ನೇ ನಂಬಿ ಕೂರುವುದೂ ಸರಿಯಲ್ಲ. ಆಗ ಆರೋಗ್ಯ ಕಾರ್ಯಕರ್ತೆಯರು ಹೇಳಿದಂತೆ ಮಾಡಬೇಕು.

ಹೊಳೆಗೆ ಮಾತ್ರ ಬೇಡ

ಸುಳ್ಯ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದ ಹೊಳೆಯಲ್ಲಿ ದೇವರ ಮೀನುಗಳನ್ನು ನೀವು ನೋಡಿರಬಹುದು. ಅವುಗಳನ್ನು ಯಾರೂ ಹಿಡಿಯುವುದಿಲ್ಲ, ಜನ ತಿನಿಸು ಹಾಕುತ್ತಾರೆ. ಮೀನು ಉಸಿರಾಡುವುದು ಕಿವಿರಿನಿಂದ. ಸಾಬೂನು ನೀರು ಆ ಕಿವಿರಿಗೆ ಹಾನಿ ಮಾಡುತ್ತದೆ. ಅಂಟುವಾಳವೂ ಹಾಗೆಯೇ! ಸಪೋನಿನ್ ಮೀನಿಗೆ ವಿಷ. ಗಿಡದಿಂದ ಬಂದದ್ದೆಲ್ಲ ಎಲ್ಲ ಜೀವಿಗಳಿಗೂ ಒಳ್ಳೆಯದು ಎಂದು ತಿಳಿಯಬಾರದು.

ಹಾಗಾದರೆ ತೊಳೆದ ನೀರನ್ನು ಏನು ಮಾಡುವುದು? ತೋಟದ ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಬಿಡಿ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಪೋನಿನ್ ಅನ್ನು ಒಡೆದು ಮುಗಿಸುತ್ತವೆ. ತೋಡಿಗೆ ಬಿಟ್ಟರೆ ಅದು ಹೊಳೆಗೇ ಸೇರುತ್ತದೆ. ಕಡಬದ ಕಡೆಯ ತೋಡುಗಳ ನೀರು ಕುಮಾರಧಾರೆಗೆ ಹೋಗುತ್ತದೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಅದೇ ನೇತ್ರಾವತಿಯ ನೀರನ್ನು ಮುಂದೆ ಮಂಗಳೂರಿನವರು ಕುಡಿಯುತ್ತಾರೆ.